ಅರ್ಧ ಪುಟ ಸಾಕು, ಅಕ್ಕೋರೇ

ಓದುಗರ ಪತ್ರ: ಶರಾವತಿ ಹಿನ್ನೀರಿನ ಊರೊಂದರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರರಿಂದ ಎಂಟನೇ ತರಗತಿಗೆ ಸಮಾಜ ವಿಜ್ಞಾನ, ಕನ್ನಡ ಎರಡನ್ನೂ ಕಲಿಸುತ್ತೇನೆ. ಜುಲೈ ಬಂತೆಂದರೆ ಮಳೆ ರಜೆ. ಆ ದಿನಗಳಲ್ಲಿ ವಾಟ್ಸಾಪ್ ಗ್ರೂಪಿಗೆ ಪಾಠದ ವಿಡಿಯೊ, ಪಿಡಿಎಫ್, ಪ್ರಶ್ನೆ ಹಾಕುತ್ತೇನೆ. ಹೋದ ಮಳೆಗಾಲ ಏಳನೇ ತರಗತಿಯ 23 ಮಕ್ಕಳಲ್ಲಿ ಒಂಬತ್ತು ಜನ ಉತ್ತರ ಕಳಿಸಿದರು. ಒಂಬತ್ತೂ ಗೈಡಿನಿಂದ ಇಳಿಸಿದ್ದು, ಅದರಲ್ಲಿದ್ದ ಅಚ್ಚಿನ ತಪ್ಪೂ ಸೇರಿ. ಗಣಿತವಾದರೆ ನಾಲ್ಕು ಲೆಕ್ಕ ಕೊಡಬಹುದು. ಸಮಾಜ ವಿಜ್ಞಾನವನ್ನು ದೂರದಿಂದ ಕಲಿಸಲು ಆಗುತ್ತದೆಯೇ? ಅಥವಾ ಸುಮ್ನೆ ಬಿಟ್ಟುಬಿಡಲೇ?

ಸಂಪಾದಕರ ಉತ್ತರ:

ನಿಮ್ಮ ಕಡೆ ಮಕ್ಕಳು ಟೀಚರನ್ನು ಅಕ್ಕೋರೇ ಅಂತ ಕರೆಯುತ್ತಾರೆ. ನಾನೂ ಹಾಗೇ ಕರೆಯುತ್ತೇನೆ. ಬಿಡಬೇಡಿ, ಅಕ್ಕೋರೇ. ಆದರೆ ಈಗ ಕಳಿಸುತ್ತಿರುವುದರಲ್ಲಿ ಮುಕ್ಕಾಲು ಭಾಗ ಕಡಿಮೆ ಮಾಡಿ.

ಯಾಕೆ ಹೀಗೆ ಹೇಳುತ್ತೇನೆ ಅಂದರೆ, 2020ರಲ್ಲಿ ನಮ್ಮ ಮನೆಯಲ್ಲೇ ಒಂದು ಸಂಗತಿ ನಡೆಯಿತು. ಅಣ್ಣನ ಮಗಳು ಆಗ ಏಳನೇ ಕ್ಲಾಸು. ಭೂ ಸುಧಾರಣೆಯ ಬಗ್ಗೆ ಒಂದು ವಿಡಿಯೊ ಬಂದಿತ್ತು. ಎರಡು ಸಲ ನೋಡಿದಳು. ಬಿಟ್ಟ ಸ್ಥಳ ತುಂಬಿ, ಸರಿ ಉತ್ತರ ಆರಿಸಿ, ಪೂರ್ತಿ ಅಂಕವೂ ಬಂತು. ಸಂಜೆ ಸುಮ್ನೆ ಕೂತಾಗ ಅದೇ ಪಾಠವನ್ನು ಜೋರಾಗಿ ಓದು ಅಂದೆ. 'ಗೇಣಿದಾರ' ಅನ್ನುವ ಪದ ಬಂದಾಗ 'ಗೇಣಿ', ಸ್ವಲ್ಪ ತಡೆದು, 'ದಾರ' ಅಂತ ಓದಿದಳು. ಹಾಗಂದರೇನು ಅಂತ ಕೇಳಿದೆ. ಗೇಣುದ್ದದ ದಾರ, ಗದ್ದೆ ಅಳೆಯೋಕೆ ಅಂದಳು. ನನಗೆ ನಗು ಬರಲಿಲ್ಲ. ಗೇಣಿ ಅಂದರೆ ಬೇರೆಯವರ ಗದ್ದೆ ಉಳುವವರು ಒಡೆಯರಿಗೆ ಕೊಡುವ ಪಾಲು, ಉಳುವವರೇ ಗೇಣಿದಾರರು. ಅದು ಗೊತ್ತಿಲ್ಲದ ಮಗುವಿಗೆ ಭೂ ಸುಧಾರಣೆ ಕಾಯ್ದೆಯ 1974ರ ತಿದ್ದುಪಡಿ ಏನನ್ನು ಬದಲಾಯಿಸಿತು ಅಂತ ಹೇಗೆ ಅರ್ಥವಾಗಬೇಕು? ವಿಡಿಯೊದ ದನಿ ಆ ಪದದ ಮೇಲೆ ಹಾದು ಹೋಗಿತ್ತು. ಅವಳು ಎಡವಿದ್ದು ಯಾರಿಗೂ ಕೇಳಿಸಿರಲಿಲ್ಲ.

ಅವತ್ತಿನಿಂದ ನನಗೆ ಒಂದು ವಿಷಯ ಗಟ್ಟಿಯಾಗಿದೆ. ದೂರದಿಂದ ಕಲಿಸುವಾಗ ಸಮಾಜ ವಿಜ್ಞಾನ ಬೇರೆ, ಓದು ಬೇರೆ ಅಲ್ಲ. ಕ್ಲಾಸಿನಲ್ಲಿ ಮಗು ಎಡವಿದರೆ ನಿಮಗೆ ಅದರ ಮುಖ ಕಾಣುತ್ತದೆ. ಫೋನಿನಲ್ಲಿ ಮುಖ ಕಾಣದು, ದನಿ ಕೇಳುತ್ತದೆ. ಹಾಗಾಗಿ ದನಿಯನ್ನೇ ತರಿಸಿಕೊಳ್ಳಿ. ಉತ್ತರ ಬರೆದು ಕಳಿಸಿ ಅನ್ನುವ ಬದಲು, ಅರ್ಧ ಪುಟ ಓದಿ ವಾಯ್ಸ್ ಮೆಸೇಜ್ ಕಳಿಸಿ ಅನ್ನಿ. ಗೈಡಿನಿಂದ ಉತ್ತರ ಇಳಿಸಬಹುದು, ಓದುವ ದನಿಯನ್ನು ಇಳಿಸಲಾಗದು. ಮಗು ಎಲ್ಲಿ ನಿಲ್ಲುತ್ತದೆ, ಯಾವ ಪದವನ್ನು ಒಡೆಯುತ್ತದೆ, ಎಲ್ಲಿ ಗಡಿಬಿಡಿ ಮಾಡಿ ದಾಟುತ್ತದೆ, ಅಷ್ಟು ಕೇಳಿದರೆ ಮುಂದಿನ ಪಾಠ ಏನಿರಬೇಕು ಅಂತ ನಿಮಗೇ ಗೊತ್ತಾಗುತ್ತದೆ.

ಪಠ್ಯಪುಸ್ತಕದ ಪುಟವನ್ನೇ ಕಳಿಸಬೇಕು ಅಂತೇನೂ ಇಲ್ಲ. ನಿಮ್ಮ ಊರಿಗಾಗಿಯೇ ಅರ್ಧ ಪುಟ ಬರೆದು ನೋಡಿದೆ:

"ಮಡೆನೂರಿನ ಹತ್ತಿರ ಶರಾವತಿಗೆ ಅಡ್ಡವಾಗಿ ಹಿರೇಭಾಸ್ಕರ ಅಣೆಕಟ್ಟನ್ನು ಕಟ್ಟಿದರು. 1948ರಲ್ಲಿ ಜೋಗದ ಬಳಿ ಶುರುವಾದ ವಿದ್ಯುದಾಗಾರಕ್ಕೆ ಅದರಿಂದ ನೀರು ಹೋಗುತ್ತಿತ್ತು. ಆಮೇಲೆ ಹೊಳೆಯ ಕೆಳಗಡೆ ಲಿಂಗನಮಕ್ಕಿಯಲ್ಲಿ ಇನ್ನೂ ದೊಡ್ಡ ಅಣೆಕಟ್ಟು ಬಂತು. 1964ರಲ್ಲಿ ಅದರ ಹಿನ್ನೀರು ಏರಿದಾಗ ಊರು, ಗದ್ದೆ, ತೋಟಗಳ ಜೊತೆ ಹಳೆಯ ಅಣೆಕಟ್ಟೂ ಮುಳುಗಿತು. ನೀರು ತೀರಾ ಇಳಿದ ಬೇಸಿಗೆಯಲ್ಲಿ ಅದು ಈಗಲೂ ಮೇಲೆ ಕಾಣುತ್ತದೆ."

ಇದರ ಮೇಲೆ ಎರಡೇ ಪ್ರಶ್ನೆ. ಒಂದು: 'ಅದರ ಹಿನ್ನೀರು' ಅಂದರೆ ಯಾವುದರದು? ಕೊನೆಯ ಸಾಲಿನ 'ಅದು' ಯಾವುದು? ದೊಡ್ಡವರಿಗೆ ಇದು ಪ್ರಶ್ನೆಯೇ ಅನಿಸದು. ಆದರೆ ಎರಡು ಅಣೆಕಟ್ಟುಗಳ ನಡುವೆ 'ಅದು' ಯಾವುದರ ಕಡೆ ಬೆರಳು ತೋರಿಸುತ್ತಿದೆ ಅಂತ ಹಿಡಿಯುವುದೇ ಓದು. ಅಲ್ಲಿ ತಪ್ಪಿದ ಮಗುವಿಗೆ ಮುಳುಗಿದ್ದು ಯಾವುದು, ಮುಳುಗಿಸಿದ್ದು ಯಾವುದು ಎಂಬುದೇ ತಲೆಕೆಳಗಾಗುತ್ತದೆ. ಎರಡು: ನಿಮ್ಮ ಮನೆಯವರು ಈ ಊರಿಗೆ ಎಲ್ಲಿಂದ, ಯಾವಾಗ ಬಂದರು? ಮನೆಯಲ್ಲಿ ಎಲ್ಲರಿಗಿಂತ ಹಿರಿಯರನ್ನು ಕೇಳು, ಅವರು ಹೇಳಿದ ಒಂದು ಮಾತನ್ನು ಹೇಳಿದ ಹಾಗೇ ಬರಿ. ಈ ಎರಡನೆಯದಕ್ಕೆ ಯಾವ ಗೈಡಿನಲ್ಲೂ ಉತ್ತರ ಇಲ್ಲ. ಮಳೆ ಹುಯ್ಯುವಾಗ ಅಜ್ಜಿ ಒಲೆ ಮುಂದೆ ಹೇಗೂ ಕೂತಿರುತ್ತಾರೆ. ಮುಳುಗಡೆ ಅನ್ನುವ ಪದ ಅವರ ಬಾಯಲ್ಲಿ ಬಂದಾಗ ಅದಕ್ಕೆ ಇರುವ ತೂಕ ನಮ್ಮ ಯಾವ ವಿಡಿಯೊದಲ್ಲಿ ಬರುತ್ತದೆ, ಹೇಳಿ.

ನಿಮ್ಮ ಸಾಗರ ತಾಲೂಕು ಇಂಥ ಪಾಠಗಳಿಂದ ತುಂಬಿದೆ. 1951ರ ಕಾಗೋಡು ಸತ್ಯಾಗ್ರಹ ಅಲ್ಲೇ ನಡೆದದ್ದು. ಗೇಣಿಯ ಭತ್ತ ಅಳೆಯುವ ಕೊಳಗದ ತಕರಾರಿನಿಂದ ಗೇಣಿದಾರರಿಗೂ ಒಡೆಯರಿಗೂ ಹತ್ತಿಕೊಂಡ ಜಗಳ ಅದು. ರೈತ ನಾಯಕ ಎಚ್. ಗಣಪತಿಯಪ್ಪನವರು ಮುಂದೆ ನಿಂತರು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಹಳೆಯ ಮನೆಗಳ ಅಟ್ಟದಲ್ಲಿ ಕೊಳಗ ಇನ್ನೂ ಇರಬಹುದು. ಸಿಕ್ಕಿದ ಮಗು ಅದರಲ್ಲಿ ಎಷ್ಟು ಸೇರು ಅಕ್ಕಿ ಹಿಡಿಯುತ್ತದೆ ಅಂತ ಅಳೆದು ನೋಡಲಿ. ಹಿನ್ನೀರಿನ ಮೇಲಿನ ಸಿಗಂದೂರು ಸೇತುವೆಯನ್ನೇ ತೆಗೆದುಕೊಳ್ಳಿ, 2025ರ ಜುಲೈನಲ್ಲಿ ಉದ್ಘಾಟನೆಯಾಯಿತು. ಲಾಂಚಿಗೆ ಕಾದು ನಿಂತ ನೆನಪು ನಿಮ್ಮ ಮಕ್ಕಳಿಗೇ ಇದೆ. ಅವರೇ ಬರೆಯಬಹುದು.

ಆದರೆ ಒಂದು ಎಚ್ಚರ ಬೇಕು, ಇದನ್ನು ಒತ್ತಿ ಹೇಳುತ್ತೇನೆ. ಮನೆಯಿಂದ ಬಂದ ಉತ್ತರಗಳನ್ನು ಗ್ರೂಪಿನಲ್ಲಿ ಹಾಕಿಸಬೇಡಿ, ನಿಮ್ಮ ನಂಬರಿಗೆ ಮಾತ್ರ ಬರಲಿ. ಒಂದೇ ಕ್ಲಾಸಿನಲ್ಲಿ ಟ್ರಿಬ್ಯುನಲ್ಲಿನಲ್ಲಿ, ಅಂದರೆ ಗೇಣಿ ಭೂಮಿಯ ನ್ಯಾಯಮಂಡಳಿಯಲ್ಲಿ, ಭೂಮಿ ಪಡೆದವರ ಮೊಮ್ಮಗಳೂ ಇರುತ್ತಾಳೆ, ಅದೇ ಭೂಮಿ ಕಳೆದುಕೊಂಡವರ ಮೊಮ್ಮಗನೂ ಇರುತ್ತಾನೆ. ಇಬ್ಬರ ಮನೆಯಲ್ಲೂ ಫೋನು ಅಪ್ಪನ ಕೈಯಲ್ಲಿರುತ್ತದೆ. ಎದುರಿಗೆ ಕೂತಾಗ ನೀವು ಆ ಮಾತನ್ನು ಹದವಾಗಿ ನಡೆಸುತ್ತೀರಿ. ಗ್ರೂಪಿನಲ್ಲಿ ಬರೆದ ಒಂದು ಸಾಲು ಊರಿನ ಹಳೇ ಗಾಯವನ್ನು ಕೆದಕಿಬಿಡುತ್ತದೆ. ಕೇಳಲು ಇಷ್ಟವಿಲ್ಲದ ಮಗುವಿಗೆ ಬೇರೆ ಪ್ರಶ್ನೆ ಕೊಡಿ.

ಇನ್ನು ನೆಟ್‌ವರ್ಕಿನ ಮಾತು. ಟವರ್ ಬೇಕು ಅಂತ ಕೇಳುವುದನ್ನು ಖಂಡಿತ ನಿಲ್ಲಿಸಬೇಡಿ. 2021ರ ಜೂನ್‌ನಲ್ಲಿ ಸುಳ್ಯದ ಕಡೆಯ ಒಂದು ಚಿತ್ರ ಪತ್ರಿಕೆಗಳಲ್ಲಿ ಬಂದಿತ್ತು, ನೀವೂ ನೋಡಿರಬಹುದು. ಸುರಿವ ಮಳೆಯಲ್ಲಿ ರಸ್ತೆ ಪಕ್ಕ ಕೂತ ಹುಡುಗಿ ಫೋನಿನಲ್ಲಿ ಪಾಠ ಕೇಳುತ್ತಿದ್ದಾಳೆ, ಅಪ್ಪ ಕೊಡೆ ಹಿಡಿದು ನಿಂತಿದ್ದಾರೆ. ಅದನ್ನು ಎಲ್ಲರೂ ಮೆಚ್ಚಿಕೊಂಡರು. ನನಗೆ ಮಾತ್ರ ಸಂಕಟವಾಯಿತು. ಮಗು ಅಲ್ಲಿಗೆ ಹೋಗಿ ಕೂರಬೇಕಾದ ಪಾಠವನ್ನು ನಾವು ಕಳಿಸಬಾರದು. ಮಲೆನಾಡಿನ ಮಳೆಯಲ್ಲಿ ಕರೆಂಟು ಹೋದರೆ ಟವರೂ ಹೋಗುತ್ತದೆ, ವಿಡಿಯೊ ಸುತ್ತುತ್ತಲೇ ಇರುತ್ತದೆ. ಅರ್ಧ ಪುಟ ಅಕ್ಷರವಾದರೆ ಒಂದು ಕಡ್ಡಿ ಸಿಗ್ನಲ್ ಸಿಕ್ಕರೂ ಇಳಿಯುತ್ತದೆ. ಫೋನಿಲ್ಲದ ಮಕ್ಕಳಿಗೆ ಅದನ್ನೇ ಜೆರಾಕ್ಸ್ ಮಾಡಿ ಹಾಲಿನ ಡೈರಿಯಲ್ಲಿ ಇಡಬಹುದು. ಅವರ ಓದನ್ನು ಶಾಲೆ ಶುರುವಾದ ಮೊದಲ ದಿನ ಪಕ್ಕ ಕೂರಿಸಿಕೊಂಡು ಕೇಳಿ.

ಇದು ಹೊಸ ಪಾಠವೂ ಅಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ಉಪಗ್ರಹದ ಮೂಲಕ ಆರು ರಾಜ್ಯಗಳ ಹಳ್ಳಿಗಳಿಗೆ ಟಿವಿ ಪಾಠ ಹೋಯಿತು. ನಮ್ಮಲ್ಲಿ ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳಿದ್ದವು. ಆಮೇಲೆ ಆಕಾಶವಾಣಿಯ 'ಕೇಳಿ ಕಲಿ' ಬಂತು. ಕೋವಿಡ್ ಕಾಲದಲ್ಲಿ ಚಂದನದಲ್ಲಿ 'ಸಂವೇದ' ಬಂತು. ನಾನು ಕಲಿತ ಶಾಲೆಯಲ್ಲೂ ಹೆಡ್ ಮೇಷ್ಟ್ರ ಮೇಜಿನ ಮೇಲೆ ಒಂದು ರೇಡಿಯೊ ಇತ್ತು. ಅದರಲ್ಲಿ ಬಂದ ಒಂದು ಪಾಠವೂ ಈಗ ನೆನಪಿಲ್ಲ. ರೇಡಿಯೊ ಆರಿಸಿ ಮೇಷ್ಟ್ರು "ಈಗ ಹೇಳ್ರೋ, ಏನ್ ಕೇಳ್ಸ್ತು?" ಅಂತಿದ್ದರಲ್ಲ, ಆಮೇಲಿನ ಅರ್ಧ ಗಂಟೆ ಚೆನ್ನಾಗಿ ನೆನಪಿದೆ. 2020ರ ಆಗಸ್ಟ್‌ನಲ್ಲಿ 'ವಿದ್ಯಾಗಮ' ಅಂತ ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗಿ ದೇವಸ್ಥಾನದ ಜಗಲಿ, ಮರದ ನೆರಳಲ್ಲಿ ಕೂರಿಸಿ ಕಲಿಸಿದರು. ಅಕ್ಟೋಬರ್‌ನಲ್ಲಿ ಸೋಂಕಿನ ಭಯಕ್ಕೆ ಅದನ್ನು ನಿಲ್ಲಿಸಬೇಕಾಯಿತು. ಆದರೂ ಆ ಎರಡು ತಿಂಗಳಲ್ಲಿ ಮಕ್ಕಳಿಗೆ ಸಿಕ್ಕಿದ್ದು ಅದೇ "ಏನ್ ಕೇಳ್ಸ್ತು" ಅನ್ನುವ ಅರ್ಧ ಗಂಟೆ.

ಪೋರ್ಷನ್ ಮುಗಿಯುವುದಿಲ್ಲ ಅಂತ ನೀವು ಚಿಂತೆ ಮಾಡುತ್ತೀರಿ, ಗೊತ್ತು. ಮಳೆ ರಜೆಯ ಪಾಠಗಳನ್ನು ಹೇಗೂ ಶನಿವಾರ ಮಧ್ಯಾಹ್ನ ಕೂರಿಸಿ ಮುಗಿಸುತ್ತೀರಿ. ರಜೆಯ ದಿನಗಳನ್ನು ಪೋರ್ಷನ್ನಿಗೆ ಒತ್ತೆ ಇಡಬೇಡಿ.

23 ವಾಯ್ಸ್ ಮೆಸೇಜ್ ಕೇಳಲು ಸಮಯ ಎಲ್ಲಿ ಅಂತಲೂ ಕೇಳಬಹುದು. ಒಂದೊಂದು ಒಂದೂವರೆ ನಿಮಿಷ. ದಿನಕ್ಕೆ ಎಂಟು ಮಕ್ಕಳಾದರೆ ಮೂರು ದಿನಕ್ಕೆ ಒಂದು ಸುತ್ತು. ಕೇಳಿದ ಮೇಲೆ ಹೆಸರು ಹಿಡಿದು ಒಂದೇ ಒಂದು ಮಾತು ವಾಪಸ್ ಕಳಿಸಿ: "ವಿದ್ಯುದಾಗಾರ ಅನ್ನೋದನ್ನ ಇನ್ನೊಂದ್ಸಲ ಓದು ನೋಡೋಣ, ಉಳಿದದ್ದು ಚೆನ್ನಾಗಿತ್ತು." ಅಕ್ಕೋರ ದನಿ ತನ್ನೊಬ್ಬಳಿಗೇ ಬಂತು ಅಂತ ಆ ಹುಡುಗಿ ಅದನ್ನು ಎಷ್ಟು ಸಲ ಹಾಕಿ ಕೇಳುತ್ತಾಳೋ.

ಮೇಲಿನ ಅರ್ಧ ಪುಟವನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಮಾಡಿ 23 ಪ್ರತಿ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಲಿಂಗನಮಕ್ಕಿಯ ಸಾಲನ್ನು ಬೇಕಿದ್ದರೆ ಇನ್ನೂ ಸುಲಭ ಮಾಡಿ. ಮುಂದಿನ ಪುಟ ಕೊಳಗದ ಬಗ್ಗೆ ಇರಲಿ, ಅದನ್ನು ನೀವೇ ಬರೆಯಿರಿ.