ಕೈಯಲ್ಲಿ ಓಡಿಸಿದರೆ ಸರಿ, ಕ್ರಾನ್‌ನಲ್ಲಿ ಯಾಕೆ ಲಾಗಿನ್ ಆಗಲ್ಲ?

ಪ್ರಶ್ನೆ: ಆಫೀಸಿನ ಎಂಟು ಸರ್ವರ್‌ಗಳಿಗೆ ರಾತ್ರಿ ತಾನಾಗಿಯೇ ಲಾಗಿನ್ ಆಗಿ ಬ್ಯಾಕಪ್ ಶುರು ಮಾಡಲು ಎಕ್ಸ್‌ಪೆಕ್ಟ್ (ಪರದೆಯ ಪ್ರಶ್ನೆಗಳಿಗೆ ನಮ್ಮ ಬದಲು ಉತ್ತರ ಕಳಿಸುವ ಪ್ರೋಗ್ರಾಂ) ಸ್ಕ್ರಿಪ್ಟ್ ಬರೆದಿದ್ದೇನೆ. ನಾನೇ ಕೂತು ಓಡಿಸಿದರೆ ಸರಿಯಾಗಿ ನಡೆಯುತ್ತದೆ. ರೂಟ್‌ನ (ಅಡ್ಮಿನ್ ಅಕೌಂಟಿನ) ಕ್ರಾನ್‌ಗೆ, ಅಂದರೆ ಹೊತ್ತಿಗೆ ಸರಿಯಾಗಿ ತಾನೇ ಕೆಲಸ ಓಡಿಸುವ ವ್ಯವಸ್ಥೆಗೆ, ಹಾಕಿದರೆ ಒಂದಕ್ಕೂ ಲಾಗಿನ್ ಆಗುವುದಿಲ್ಲ. ಟೈಮ್‌ಔಟನ್ನು (ಉತ್ತರಕ್ಕೆ ಕಾಯುವ ಸಮಯವನ್ನು) 10ರಿಂದ 60 ಸೆಕೆಂಡಿಗೆ ಏರಿಸಿದರೂ ಅಷ್ಟೇ. ಏನು ಮಾಡಲಿ?
– ಓದುಗರು, ಹಾಸನ

ಉತ್ತರ: ಟೈಮ್‌ಔಟನ್ನು ಮತ್ತೆ 10ಕ್ಕೇ ಇಳಿಸಿ, ತೊಂದರೆ ಅಲ್ಲಿಲ್ಲ. ನೀವು ಓಡಿಸುವಾಗ ಅದು ನಿಮ್ಮ ಅಕೌಂಟಿನಲ್ಲಿ ಓಡುತ್ತದೆ, ಕ್ರಾನ್‌ನಲ್ಲಿ ರೂಟ್ ಆಗಿ ಓಡುತ್ತದೆ, ಅಲ್ವಾ? ಸರ್ವರ್‌ಗೆ ಲಾಗಿನ್ ಮಾಡಿಸುವ ಪ್ರೋಗ್ರಾಂ ಎಸ್‌ಎಸ್‌ಎಚ್ ತನಗೆ ಪರಿಚಯವಿರುವ ಸರ್ವರ್‌ಗಳ ಗುರುತನ್ನು ಪ್ರತಿ ಅಕೌಂಟಿನಲ್ಲೂ 'ನೋನ್ ಹೋಸ್ಟ್ಸ್' ಅನ್ನುವ ಫೈಲಿನಲ್ಲಿ ಬೇರೆಬೇರೆಯಾಗಿ ಇಡುತ್ತದೆ. ರೂಟ್‌ಗೆ ಬಹುಶಃ ಆ ಎಂಟರ ಪರಿಚಯವೇ ಇಲ್ಲ. ಹಾಗಾಗಿ ಪಾಸ್‌ವರ್ಡ್‌ಗೆ ಮೊದಲೇ 'ಈ ಸರ್ವರ್ ಗೊತ್ತಿಲ್ಲ, ಮುಂದುವರಿಯಲಾ, ಯೆಸ್ಸಾ ನೋನಾ' ಎಂದು ಕೇಳಿ ನಿಲ್ಲುತ್ತದೆ. ನಿಮ್ಮ ಸ್ಕ್ರಿಪ್ಟ್ ಕಾಯುತ್ತಿರುವುದು 'ಪಾಸ್‌ವರ್ಡ್' ಅನ್ನುವ ಮಾತಿಗೆ. ಆ ಮಾತು ಬರುವುದೇ ಇಲ್ಲ, ಸಮಯ ಮುಗಿಯುತ್ತದೆ, ಆದರೆ ಎಕ್ಸ್‌ಪೆಕ್ಟ್ ಅಲ್ಲಿಗೆ ನಿಲ್ಲುವುದಿಲ್ಲ, ನೀವು ಬೇರೆ ಹೇಳದಿದ್ದರೆ ಮುಂದಿನ ಸಾಲಿಗೆ ಹೋಗಿ ಯೆಸ್-ನೋ ಪ್ರಶ್ನೆಗೆ ಉತ್ತರವಾಗಿ ಪಾಸ್‌ವರ್ಡನ್ನೇ ಕಳಿಸಿಬಿಡುತ್ತದೆ. ಆ ಜಾಗದಲ್ಲಿ ಟೈಪ್ ಮಾಡಿದ್ದೆಲ್ಲ ಕಾಣುತ್ತದೆ. ಕ್ರಾನ್‌ನ ಲಾಗ್ ಅಥವಾ ಮೇಲ್ ತೆರೆದು ನೋಡಿ, ಪಾಸ್‌ವರ್ಡ್ ಅಲ್ಲಿ ಬಿದ್ದಿದ್ದರೆ ಇವತ್ತೇ ಬದಲಾಯಿಸಿ.

ನನ್ನ ಮಾತು ನಂಬಿ ಸುಮ್ನೆ ಕೂರಬೇಡಿ. ಸ್ಕ್ರಿಪ್ಟಿನ ಮೊದಲಲ್ಲಿ 'ಎಕ್ಸ್‌ಪಿ ಅಂಡರ್‌ಸ್ಕೋರ್ ಇಂಟರ್ನಲ್ 1' ಎಂಬ ಸಾಲು ಸೇರಿಸಿ. ಸ್ಕ್ರಿಪ್ಟಿಗೆ ಏನು ಬಂತು, ಅದು ಯಾವುದಕ್ಕೆ ಕಾಯುತ್ತಿತ್ತು, ಎರಡೂ ಅಕ್ಷರ ಅಕ್ಷರ ಕಾಣುತ್ತದೆ. ಲಾಗಿನ್ ಸ್ಕ್ರಿಪ್ಟ್ ಕೆಟ್ಟರೆ ನಾನು ಮೊದಲು ನೋಡುವುದು ಇದನ್ನೇ.

ಆಮೇಲೆ ರೂಟ್ ಆಗಿ ಎಂಟಕ್ಕೂ ಒಂದೊಂದು ಸಲ ಕೈಯಲ್ಲಿ ಲಾಗಿನ್ ಮಾಡಿ, ಫಿಂಗರ್‌ಪ್ರಿಂಟ್ (ಪರದೆಯಲ್ಲಿ ಕಾಣುವ ಸರ್ವರ್‌ನ ಗುರುತು) ಸರಿಯಿದೆಯೇ ನೋಡಿಕೊಂಡು ಯೆಸ್ ಒತ್ತಿ. ಆ ಪ್ರಶ್ನೆಯನ್ನೇ ಆಫ್ ಮಾಡುವ ಆಪ್ಷನ್ ಇದೆ, ಅದನ್ನು ಮಾತ್ರ ಮುಟ್ಟಬೇಡಿ. ನಡುವೆ ಯಾರೋ ಸೇರಿಕೊಂಡು ತಾನೇ ಸರ್ವರ್ ಅಂದರೆ ನಿಮಗೆ ಗೊತ್ತಾಗುವುದು ಈ ಗುರುತಿನ ಪರಿಶೀಲನೆಯಿಂದಲೇ.

ಬ್ಯಾಕಪ್ ಕಮಾಂಡ್, ಅದರ ಹಿಂದೆಯೇ 'ಎಕ್ಸಿಟ್' ಕಳಿಸಿದ ಮೇಲೆ 'ಎಕ್ಸ್‌ಪೆಕ್ಟ್ ಇಒಎಫ್' (ಕನೆಕ್ಷನ್ ತಾನಾಗಿ ಮುಗಿಯುವವರೆಗೆ ಕಾಯಿ) ಸಾಲು ಇರಲಿ, ಬ್ಯಾಕಪ್ ಜಾಸ್ತಿ ಹೊತ್ತು ಹಿಡಿಯುವುದಾದರೆ ಅದಕ್ಕೆ ಮೊದಲು ಟೈಮ್‌ಔಟ್ ಮೈನಸ್ 1 (ಮಿತಿಯಿಲ್ಲದೆ ಕಾಯಿ) ಮಾಡಿ. ಇಲ್ಲದಿದ್ದರೆ ಸ್ಕ್ರಿಪ್ಟ್ ಮುಗಿದು, ಕೆಲಸ ಅರ್ಧದಲ್ಲೇ ಕನೆಕ್ಷನ್ ಕಡಿಯುತ್ತದೆ.

ಇಷ್ಟಕ್ಕೂ ಇಲ್ಲಿ ಎಕ್ಸ್‌ಪೆಕ್ಟ್ ಬೇಕಾಗಿಯೇ ಇಲ್ಲ. ಡಾನ್ ಲೈಬ್ಸ್ ಅದನ್ನು 1990ರಲ್ಲಿ ಬರೆದಾಗ ಎಸ್‌ಎಸ್‌ಎಚ್ ಹುಟ್ಟಿರಲಿಲ್ಲ, ಅದು ಬಂದಿದ್ದು 1995ರಲ್ಲಿ. ಈಗ ಕೀ ಇದೆ, ಅಂದರೆ ಪಾಸ್‌ವರ್ಡ್ ಬದಲು ಲಾಗಿನ್ ಮಾಡಿಸುವ ಗುರುತಿನ ಫೈಲ್. ಬ್ಯಾಕಪ್‌ಗೆಂದೇ ಒಂದು ಕೀ ಮಾಡಿ, ಆ ಕೀಯಿಂದ ಬ್ಯಾಕಪ್ ಕಮಾಂಡ್ ಒಂದೇ ಓಡುವಂತೆ ಸರ್ವರ್‌ನ 'ಆಥರೈಸ್ಡ್ ಕೀಸ್' ಫೈಲಿನಲ್ಲಿ ಕಟ್ಟಿಹಾಕಿ. ಆಮೇಲೂ ಪಾಸ್‌ವರ್ಡ್ ಕೇಳಿದರೆ ಆ ಫೈಲಿನ ಪರ್ಮಿಶನ್ 600, ಅದಿರುವ ಡೈರೆಕ್ಟರಿಯದು 700 (ಎರಡೂ ಮಾಲೀಕನಿಗೆ ಮಾತ್ರ) ಇದೆಯೇ ನೋಡಿ.