ಪೂರ್ತಿ ಸ್ಕ್ರಿಪ್ಟ್ ಈಗ ಕಳಿಸಬ್ಯಾಡ್ರಿ

ಜಮಖಂಡಿ ಅಣ್ಣಾರ, ಬೆಂಗಳೂರಿನ ನಿರ್ಮಾಣ ಸಂಸ್ಥೆಯವರು ನಿಮ್ಮ ಮೊದಲ ಚಿತ್ರಕಥಿ ಪೂರ್ತಿ ವಾಟ್ಸಾಪ್ ಮಾಡ್ರಿ ಅಂತಾರ, ಕಳಿಸಲೋ ಬ್ಯಾಡೋ ಅಂತ ಕೇಳೀರಿ. ಸದ್ಯಕ್ಕ ಬ್ಯಾಡ. ಒಂದು ಪುಟದ ಸಾರಾಂಶ ಸಾಕು, ಅದೂ ಇಮೇಲ್‌ನ್ಯಾಗ. ಯಾರಿಗೆ, ಯಾವತ್ತು, ಏನು ಕಳಿಸಿದ್ರಿ ಅನ್ನೋದು ದಾಖಲೆ ಆಗಿ ಉಳೀತೈತಿ.

ಕಥಿ ಬರದ ಕೂಡ್ಲೆ ಅದರ ಹಕ್ಕು (ಕಾಪಿರೈಟ್) ನಿಮ್ಮದ, ನೋಂದಣಿ ಕಡ್ಡಾಯ ಅಲ್ಲ. ಆದ್ರ ಜಗಳ ಬಂದಾಗ ಸಾಕ್ಷಿ ಬೇಕಲ್ರೀ. ದೆಹಲಿಯ ಕಾಪಿರೈಟ್ ಕಚೇರಿಗೆ ಆನ್‌ಲೈನ್ ಅರ್ಜಿ ಹಾಕ್ರಿ, ಸಾಹಿತ್ಯ ಕೃತಿಗೆ 500 ರೂಪಾಯಿ ಶುಲ್ಕ. ಚಿತ್ರಕಥಿ ಬರಿಯೋರ ಸಂಘ ಆದ ಮುಂಬೈಯ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್‌ಗೆ ಸದಸ್ಯರಾದ್ರ ಅಲ್ಲೂ ಮನ್ಯಾಗ ಕುಂತ ನೋಂದಾಯಿಸಬಹುದು. ಸ್ಕ್ರಿಪ್ಟ್ ತಮಗ ತಾವ ಅಂಚೆ ಹಾಕ್ಕೊಂಡು, ತಾರೀಖಿನ ಸಾಕ್ಷಿಗೆ ಅಂತ ಲಕೋಟೆ ಒಡೀದ ಇಡೋ ಹಳೇ ಉಪಾಯ ನಂಬಿ ಕೂಡಬ್ಯಾಡ್ರಿ.

ಒಂದು ಕಹಿ ಮಾತು: ಬರೇ ಐಡಿಯಾಕ್ಕ ರಕ್ಷಣೆ ಇಲ್ಲ. ನಾಟಕಕಾರ ಆರ್.ಜಿ. ಆನಂದ್ ಸಿನಿಮಾದವರ ಮ್ಯಾಲ ಹೂಡಿದ್ದ ಪ್ರಕರಣದಾಗ 1978ರಾಗ ಸುಪ್ರೀಂ ಕೋರ್ಟ್ ಇದನ್ನ ಸ್ಪಷ್ಟ ಹೇಳೇತಿ. ಅದಕ್ಕ ಚಾದಂಗಡಿ ಕಟ್ಟಿಮ್ಯಾಲ 'ಕಬ್ಬು ಕಡಿಯೋ ಗ್ಯಾಂಗಿನ ಕಥಿ ಮಾಡೀನಿ' ಅಂತ ಡಂಗುರ ಹೊಡೀಬ್ಯಾಡ್ರಿ. ದೃಶ್ಯ, ಸಂಭಾಷಣೆ ಎಲ್ಲಾ ಬರದು ಮುಗಿಸಿ ಆಮ್ಯಾಲ ಬಾಯಿ ಬಿಡ್ರಿ.

ಹಕ್ಕು ಕೊಡೋದು ಬಾಯಿಮಾತಿನ್ಯಾಗ ನಡಿಯಂಗಿಲ್ಲ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಬರವಣಿಗೆ, ಸಹಿ ಎರಡೂ ಬೇಕು. ಅವಧಿ ಬರೀದಿದ್ರ 5 ವರ್ಷ ಅಂತ ಹಿಡೀತಾರ. ಸಹಿಗೆ ಮೊದಲ ವಕೀಲರಿಗೆ ತೋರಿಸ್ರಿ.

ಕಥಿ ಓದಾಕ 'ಪ್ರೊಸೆಸಿಂಗ್ ಫೀ' ಕೇಳಿದ್ರ ಎದ್ದು ಬರ್ರಿ. ನಾ ಒಮ್ಮೆ ಕಟ್ಟೀನಿ, ಮನ್ಯಾಗ ಇನ್ನೂ ಹೇಳಿಲ್ಲ.