ಸಣ್ಣಗಿದ್ದರೂ ಸಕ್ಕರೆ ಕಾಯಿಲೆ ಬರುತ್ತಾ?

ಅಪ್ಪ, ದೊಡ್ಡಪ್ಪ ಇಬ್ಬರಿಗೂ ಸಕ್ಕರೆ ಕಾಯಿಲೆ, ನಾನು ಸಣ್ಣಗಿದ್ದೇನೆ, ಜೀನ್ ಟೆಸ್ಟ್ ಮಾಡಿಸಲಾ ಅಂತ ಮಂಡ್ಯದಿಂದ ಕೇಳಿದ್ದೀರಿ. ಸುಮ್ನೆ ಅದಕ್ಕೆ ದುಡ್ಡು ಹಾಕಬೇಡಿ. ಟೈಪ್ 2 ಡಯಾಬಿಟಿಸ್ ಒಂದೇ ಜೀನ್‌ನಿಂದ ಬರುವುದಲ್ಲ, ನೂರಾರು ಜೀನ್‌ಗಳು ಚೂರುಚೂರು ಅಪಾಯ ಸೇರಿಸುತ್ತವೆ. ಅಪ್ಪನಿಗೆ 25 ದಾಟುವ ಮುಂಚೆಯೇ ಬಂದಿದ್ದರೆ ಮಾತ್ರ ಬೇರೆ ಮಾತು, ಅದು ಒಂದೇ ಜೀನ್‌ನಿಂದ ಬರುವ ಅಪರೂಪದ ಬಗೆ ಇರಬಹುದು, ಆಗ ಡಾಕ್ಟರನ್ನು ಕೇಳಿ.

ನಿಮ್ಮ ಪ್ರಶ್ನೆಗೆ ಹತ್ತಿರದ ಕೆಲಸ ಮೈಸೂರಿನಲ್ಲೇ ಆಗಿದೆ. ಮಿಷನ್ ಆಸ್ಪತ್ರೆ ಅಂತೀವಲ್ಲ, ಆ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದಲೇ ಹುಟ್ಟಿದ ಮಕ್ಕಳ ತೂಕ, ಉದ್ದ ಬರೆದಿಟ್ಟಿದ್ದರು, ಇಂಗ್ಲೆಂಡಿನ ಸಂಶೋಧಕಿ ಡಾ. ಕೆರೊಲಿನ್ ಫಾಲ್ ತಂಡ ಆ ಮಕ್ಕಳು ದೊಡ್ಡವರಾದ ಮೇಲೆ ಹುಡುಕಿ, ಸಕ್ಕರೆ ಕಾಯಿಲೆ ಇದೆಯಾ ಅಂತ ಪರೀಕ್ಷಿಸಿತು. ಎಂಥ ತಾಳ್ಮೆಯ ಕೆಲಸ ಅಲ್ವಾ! 1997ರಲ್ಲಿ ಅಲ್ಲೇ ಶುರುವಾದ ಇನ್ನೊಂದು ಅಧ್ಯಯನದಲ್ಲಿ, ನಮ್ಮ ಕೂಸುಗಳು ಇಂಗ್ಲೆಂಡಿನ ಕೂಸುಗಳಿಗಿಂತ ಸಣ್ಣಗಿದ್ದರೂ ಮೈಯಲ್ಲಿ ಕೊಬ್ಬು ಅಷ್ಟು ಕಮ್ಮಿ ಇರಲಿಲ್ಲ ಅಂತ ಗೊತ್ತಾಯಿತು. ಬಸುರಿಯಾಗಿದ್ದಾಗ ಸಕ್ಕರೆ ಕಾಯಿಲೆ ಇದ್ದ ತಾಯಂದಿರ ಮಕ್ಕಳಿಗೆ ಒಂಬತ್ತೂವರೆ ವರ್ಷಕ್ಕೇ ಕೊಬ್ಬು ಜಾಸ್ತಿ ಇತ್ತು.

ಅದಕ್ಕೇ ತೂಕ ನೋಡಿ ಧೈರ್ಯವಾಗಿರಬೇಡಿ. ಸೊಂಟ ಅಳೆದುಕೊಳ್ಳಿ, ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ರಕ್ತ ಪರೀಕ್ಷೆ ಮಾಡಿಸಿ. ಅದು ಶೇಕಡಾ 5.7ರಿಂದ 6.4ರೊಳಗೆ ಬಂದರೆ ನಡಿಗೆ, ಊಟ ಸರಿ ಮಾಡಿಕೊಂಡು ತಡೆಯಲು ಇನ್ನೂ ಸಮಯವಿದೆ. ನಿಮ್ಮಮ್ಮನಿಗೆ ಬಸುರಿಯಾಗಿದ್ದಾಗ ಸಕ್ಕರೆ ಕಾಯಿಲೆ ಇತ್ತಾ ಅಂತಲೂ ಕೇಳಿ, ಡಾಕ್ಟರಿಗೆ ಅದನ್ನೂ ಹೇಳಿ.